ನಾನು ಹೇಳಿದ್ದು ಚಕ್ರ

ಆ ಕತೆ ಈಗ ನಮ್ಮ ಕಡೆ ಹೀಗೆ ಓಡಾಡುತ್ತಿದೆ. ಕೋಡಿಯ ಹತ್ತಿರ ಹೊಳೆಯಲ್ಲಿ ಒಂದು ಸಣ್ಣ ವಿಮಾನ ಇಳಿಯುವುದಿತ್ತಂತೆ. ದಡದಲ್ಲಿ ವಾಕಿಟಾಕಿ ಹಿಡಿದು ನಿಂತ ಹುಡುಗಿ ಗಾಲಿ ಎಲ್ಲಿದೆ ಎಂದು ಕೇಳಿದಳಂತೆ. ಪೈಲಟ್‌ಗೆ ಅದು ಗಾಳಿ ಎಲ್ಲಿದೆ ಎಂದು ಕೇಳಿಸಿತಂತೆ. ಗಾಳಿ ಪಡುವಿಂದ ಬರುತ್ತಾ ಇದೆ ಎಂದು ಅವನು ಉತ್ತರ ಕೊಟ್ಟು, ಕೆಳಗೆ ಬಿಟ್ಟಿದ್ದ ಗಾಲಿಯ ಸಮೇತ ನೀರಿಗೆ ಇಳಿದು ಪಲ್ಟಿ ಹೊಡೆದನಂತೆ. ಒಂದು ‘ಳ’ ಒಂದು ವಿಮಾನವನ್ನು ಮುಳುಗಿಸಿತು ಎಂದು ಹೇಳಿ ಕತೆ ಮುಗಿಸುತ್ತಾರೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಕತೆ ಚೆನ್ನಾಗಿದೆ, ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಅದರೊಳಗಿನ ಹುಡುಗಿಯ ಬಗ್ಗೆ. ಆ ಹುಡುಗಿ ನಾನು. ನಾನು ‘ಗಾಲಿ’ ಎನ್ನಲಿಲ್ಲ.

ವಿಮಾನ ಬಂದದ್ದು ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ. ಎರಡೇ ಸೀಟು: ಮುಂದೆ ಪೈಲಟ್, ಹಿಂದೆ ಒಬ್ಬ ಪ್ರಯಾಣಿಕ. ಅಡಿಯಲ್ಲಿ ದೋಣಿಯ ಹಾಗೆ ತೇಲುವ ಎರಡು ಉದ್ದನೆಯ ಕಾಲುಗಳು. ಆ ಕಾಲುಗಳಿಂದ ಚಕ್ರಗಳನ್ನು ಕೆಳಗೆ ಬಿಡಬಹುದು, ಮೇಲಕ್ಕೆ ಎಳೆದುಕೊಳ್ಳಬಹುದು. ಬ್ರಹ್ಮಾವರದ ಆಚೆ ಮುರಕಲ್ಲಿನ ಬಯಲೊಂದನ್ನು ಸಮತಟ್ಟು ಮಾಡಿ ರನ್‌ವೇ ಮಾಡಿದ್ದರು. ಅಲ್ಲಿಂದ ಏಳುವಾಗ ಚಕ್ರ ಕೆಳಗಿರಬೇಕು. ಏರಿದ ಮೇಲೆ ಚಕ್ರ ಎಳೆದುಕೊಂಡು, ಕಡಲ ಬದಿಯಲ್ಲೇ ಬಡಗು ದಿಕ್ಕಿಗೆ ಹಾರಿ, ಬೈಂದೂರಿನವರೆಗೆ ಸುತ್ತಿ, ಕುಂದಾಪುರದ ಹೊಳೆಯಲ್ಲಿ ಇಳಿಯಬೇಕು. ನೀರಿಗೆ ಇಳಿಯುವಾಗ ಚಕ್ರ ಕೆಳಗಿದ್ದರೆ ಮುಗಿಯಿತು. ಓಡಿ ಬಂದವನು ಹೊಸ್ತಿಲು ಎಡವಿ ಮೂಗಿನ ಮೇಲೆ ಬೀಳುವ ಹಾಗೆ ಬೀಳುತ್ತದೆ. ಇದು ಅಷ್ಟು ಸಣ್ಣ ವಿಷಯ, ಅಷ್ಟೇ ದೊಡ್ಡ ವಿಷಯ.

ಊರಿನವರಿಗೆಲ್ಲ ಅದು ಹೆಲಿಕಾಪ್ಟರ್. ಮೊದಲ ವಾರ ನಾನು ತಿದ್ದಿದೆ, ಆಮೇಲೆ ಸುಮ್ಮನಾದೆ. ನಾನು ಸೋತು ಬಿಟ್ಟುಕೊಟ್ಟ ತಿದ್ದುಪಡಿ ಅದೊಂದೇ.

ಬ್ರಹ್ಮಾವರದಲ್ಲಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೆಲಸವಿದೆ ಎಂದು ಗೊತ್ತಾಗಿ ಹೋದೆ. ಕುಂದಾಪುರದ ಮಾಲಕರು, ಮೊದಲು ಹೊಳೆಯಲ್ಲಿ ಪ್ರವಾಸಿಗರ ದೋಣಿ ಓಡಿಸುತ್ತಿದ್ದವರು, ದಡದ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ದಿನಾ ಬೆಳಿಗ್ಗೆ ಉಪ್ಪುಂದದಿಂದ ಬಸ್ಸು, ಕುಂದಾಪುರದಲ್ಲಿ ಇಳಿದು ಕೋಡಿಗೆ ಇನ್ನೊಂದು. ದುರ್ಬೀನು ಹಿಡಿದು ಹೊಳೆಯಲ್ಲಿ ದೋಣಿ, ಬಲೆ, ತೇಲುವ ಮರ ಇದೆಯೇ ಎಂದು ನೋಡುವುದು, ಪೈಲಟ್‌ಗೆ ಹೇಳುವುದು. ನನಗೆ ದಿನಚರಿ ಬರೆಯುವ ಅಭ್ಯಾಸ ಆರನೇ ಕ್ಲಾಸಿನಿಂದ ಇದೆ, ಅದಕ್ಕೆ ಸರಿಯಾದ ಕೆಲಸವೇ ಸಿಕ್ಕಿತು. ಯಾವ ದಿನ ಎಷ್ಟು ಹಾರಾಟ, ಗಾಳಿ ಯಾವ ಕಡೆಯದು, ಭರತವೋ ಇಳಿತವೋ, ಬುತ್ತಿಯಲ್ಲಿ ಅಮ್ಮ ಹಾಕಿದ್ದು ಬಂಗುಡೆ ಮೀನೋ ಬೂತಾಯಿಯೋ, ಎಲ್ಲವೂ ಇವೆ. ಆಡಿದ ಮಾತುಗಳು ಮಾತ್ರ ಇಲ್ಲ. ದಿನಾ ಆಡುವ ಮಾತನ್ನು ಯಾರು ಬರೆದಿಡುತ್ತಾರೆ?

ನಮಗೆ ಕಲಿಸಲು ಮೈಸೂರು ಕಡೆಯ ಒಬ್ಬ ಹಿರಿಯರು ಬಂದಿದ್ದರು. ವಾಯುಪಡೆಯಿಂದ ನಿವೃತ್ತರಾದವರು. ಕಾರ್ಯವಿಧಾನವನ್ನೆಲ್ಲ ಅವರು ಶೆಡ್ಡಿನ ಗೋಡೆಯ ಬಿಳಿ ಹಲಗೆಯಲ್ಲಿ ಕನ್ನಡದಲ್ಲೇ ಬರೆದರು. ಯಾಕೆಂದರೆ ದಡದಲ್ಲಿ ನಾನು, ಆಕಾಶದಲ್ಲಿ ಪೈಲಟ್, ಹೊಳೆಯಲ್ಲಿ ಕಾವಲು ದೋಣಿಯ ಅಣ್ಣ, ಮೂವರೂ ಒಂದೇ ವಾಕಿಟಾಕಿಯ ಮಾತನ್ನು ಕೇಳುವವರು. ಮೂವರಿಗೂ ಒಂದೇ ಮಾತು ಅರ್ಥವಾಗಬೇಕು ಎಂದರು. ದೋಣಿಯ ಅಣ್ಣ ಕೋಡಿಯವರು. ಹುಟ್ಟಿದಂದಿನಿಂದ ಆ ಹೊಳೆಯಲ್ಲೇ ಇದ್ದವರು.

ಮೊದಲು ಹಲಗೆಯಲ್ಲಿ ಬರೆದದ್ದು ‘ಗಾಲಿ’ ಎಂದೇ. ವಿಮಾನ ಇನ್ನೂ ಬ್ರಹ್ಮಾವರದಲ್ಲಿತ್ತು, ಅಭ್ಯಾಸಕ್ಕೆಂದು ದೋಣಿಯನ್ನೇ ವಿಮಾನ ಎಂದುಕೊಳ್ಳಿ ಎಂದು ಹೇಳಿ ಅವರು ಅಣ್ಣನನ್ನು ಹೊಳೆಯ ನಡುವಿಗೆ ಕಳಿಸಿದರು. ನಾನು ದಡದಿಂದ ಗಾಲಿ ಎಲ್ಲಿದೆ ಎಂದು ಕೇಳಿದೆ. ಅಣ್ಣ ಬೆರಳನ್ನು ಬಾಯಿಯಲ್ಲಿ ಒದ್ದೆ ಮಾಡಿ ಮೇಲೆ ಹಿಡಿದದ್ದು ಇಲ್ಲಿಂದಲೇ ಕಾಣಿಸಿತು. ವಾಕಿಟಾಕಿಯಲ್ಲಿ ಉತ್ತರ ಬಂತು: “ಗಾಳಿ ಪಡುವಿಂದ ಬತ್ತಾ ಇತ್ತ್ ಸಾರ್, ಒಳ್ಳೆ ತಂಪಿತ್ತ್.”

ಎಲ್ಲರೂ ನಕ್ಕೆವು. ಮಾಲಕರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಹಿರಿಯರೂ ನಕ್ಕರು, ಆದರೆ ನಗುತ್ತಲೇ ಬಟ್ಟೆ ತೆಗೆದು ಹಲಗೆಯ ಮೇಲಿನ ಆ ಪದವನ್ನು ಒರೆಸಿ ‘ಚಕ್ರ’ ಎಂದು ಬರೆದರು. ಸುದರ್ಶನ ಚಕ್ರವಾ ಸಾರ್ ಎಂದು ಪೈಲಟ್ ತಮಾಷೆ ಮಾಡಿದರು. ಹಿರಿಯರು ತಿರುಗದೆಯೇ, “ಹೌದು, ಮರೆತರೆ ತಲೆ ತೆಗೆಯುತ್ತೆ” ಎಂದರು.

ವಿಧಾನ ಇಷ್ಟು. ಬಂದವರು ಮೊದಲು ಹೊಳೆಯ ಮೇಲೆ ಒಂದು ಸುತ್ತು ಹೊಡೆದು ನೀರು ನೋಡಬೇಕು. ನಾನು ನೀರು ಖಾಲಿ ಇದೆ ಎನ್ನಬೇಕು, ಆಮೇಲೆ ಚಕ್ರ ಎಲ್ಲಿದೆ ಎಂದು ಕೇಳಬೇಕು. ತೇಲುವ ಕಾಲು ಕಾಣುವ ಹಾಗೆ ಹೊರಗೆ ಒಂದು ಪುಟ್ಟ ಕನ್ನಡಿ ಇದೆ. ಪೈಲಟ್ ಅದರಲ್ಲಿ ಕಣ್ಣಾರೆ ನೋಡಿ, ‘ಚಕ್ರ ಮೇಲೆ, ಕನ್ನಡಿಯಲ್ಲಿ ಕಂಡೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನಾನು ‘ಸುತ್ತು ಹೊಡೆಯಿರಿ’ ಎನ್ನಬೇಕು. ಆಗ ಅವರು ಎದುರು ಮಾತಾಡದೆ ಮೇಲಕ್ಕೆ ಹೋಗಬೇಕು. ಇಳಿದ ಮೇಲೆ ಎಷ್ಟು ಬೇಕಾದರೂ ಜಗಳ ಮಾಡಿಕೊಳ್ಳಿ ಎಂದು ಹಿರಿಯರು ಹೇಳಿ ಹೋದರು.

ಪೈಲಟ್ ಕುಂದಾಪುರದವರೇ, ಮೂವತ್ತೆರಡು ಮೂವತ್ತಮೂರರ ಪ್ರಾಯ. ಕೈ ಒಳ್ಳೆಯದು. ಇದನ್ನು ನಾನು ಎಲ್ಲರೆದುರೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಅವರು ಇಳಿದರೆ ಹೊಳೆಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ದಡದಲ್ಲಿ ಕಪ್ಪೆಚಿಪ್ಪು ಹೆಕ್ಕುವ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದರು. ಹಿರಿಯರು ಹೋದ ಮೊದಲ ವಾರ ಅವರ ಉತ್ತರ ಪೂರ್ತಿ ಬರುತ್ತಿತ್ತು. ಆಮೇಲೆ ‘ಕನ್ನಡಿಯಲ್ಲಿ ಕಂಡೆ’ ಬಿದ್ದು ಹೋಗಿ ‘ಚಕ್ರ ಮೇಲೆ’ ಮಾತ್ರ ಉಳಿಯಿತು. ಆಮೇಲೆ ಬರೀ ‘ಮೇಲೆ’. ಡಿಸೆಂಬರ್ ಹೊತ್ತಿಗೆ ‘ಹ್ಞಾಂ’. ನಾನು ಪೂರ್ತಿ ಉತ್ತರ ಬರುವವರೆಗೆ ಕೇಳುತ್ತಿದ್ದೆ. ಹೀಗಾಗಿ ನನಗೆ ಚಕ್ರ ಎಂದೇ ಹೆಸರಾಯಿತು. ಚಾದ ಅಂಗಡಿಯವರೂ ಚಕ್ರಂಗೆ ಒಂದು ಚಾ ಎನ್ನುತ್ತಿದ್ದರು. ಪೈಲಟ್ ಇಳಿದು ಬರುವಾಗ, “ಹ್ವಾಯ್ ಚಕ್ರಾ, ಇವತ್ತ್ ತಲೆ ಉಳೀತಾ ನಂದ್?” ಎನ್ನುವುದು ರೂಢಿಯಾಯಿತು. ನಾನೂ ನಗುತ್ತಿದ್ದೆ. ನಗುತ್ತಾ ಮರುದಿನ ಮತ್ತೆ ಕೇಳುತ್ತಿದ್ದೆ.

ಒಮ್ಮೆ ಮಾಲಕರಿಗೂ ಹೇಳಿದೆ. ಹೀಗೆ ಅರ್ಧ ಉತ್ತರಕ್ಕೆ ಇಳಿಸುವುದು ಸರಿಯಲ್ಲ, ಈಗೀಗ ಒಂದು ಸುತ್ತು ಹೊಡೆಯುವುದನ್ನೂ ಬಿಟ್ಟಿದ್ದಾರೆ ಎಂದೆ. ಅವರು ಫೋನಿನಿಂದ ತಲೆಯೆತ್ತಿ ಕೇಳಿದರು: “ಅವ ಎಷ್ಟ್ ಸಲ ಇಳ್ಸಿದ, ನೀ ಎಷ್ಟ್ ಸಲ ಇಳ್ಸಿದ್ದೆ?”

ನಾನು ಒಮ್ಮೆಯೂ ಇಳಿಸಿರಲಿಲ್ಲ. ಅದು ಉತ್ತರವಲ್ಲ ಎಂದು ಅವತ್ತು ಹೊಳೆಯಲಿಲ್ಲ. ಬಸ್ಸಿನಲ್ಲಿ ಹೆಮ್ಮಾಡಿ ದಾಟಿದ ಮೇಲೆ ಹೊಳೆಯಿತು.

ಫೆಬ್ರವರಿಯ ಒಂದು ಭಾನುವಾರ. ಪ್ರಯಾಣಿಕ ನಾವುಂದದವರು, ಮುಂಬಯಿಯಲ್ಲಿ ಕ್ಯಾಂಟೀನು ನಡೆಸುವವರು, ರಜೆಗೆ ಊರಿಗೆ ಬಂದಿದ್ದರು. ಆಕಾಶದಿಂದ ತಮ್ಮ ಮನೆ ನೋಡಬೇಕೆಂದು ಅವರ ಆಸೆ. ಮನೆಯವರೆಲ್ಲ ಅಂಗಳದಲ್ಲಿ ನಿಂತು ಟವೆಲ್ ಬೀಸುವುದೆಂದು ಮಾತಾಗಿತ್ತಂತೆ. ಆಮೇಲೆ ಗೊತ್ತಾದದ್ದು ಇದು: ಬ್ರಹ್ಮಾವರದಲ್ಲಿ ಏಳುವಾಗಲೇ ಅವರ ಮಾತು ಶುರುವಾಗಿ, ಮೇಲೇರಿದ ಮೇಲೆ ಎಳೆಯಬೇಕಾದ ಚಕ್ರವನ್ನು ಪೈಲಟ್ ಎಳೆಯಲಿಲ್ಲ. ನಾವುಂದದಲ್ಲಿ ಮನೆಯ ಮೇಲೆ ಎರಡೆರಡು ಸಲ ಹೋದರು. ಅಂಗಳದಲ್ಲಿ ನಿಂತವರು ಬೀಸಿದ ಟವೆಲಿನ ಬಣ್ಣ ಎಲ್ಲರಿಗೂ ನೆನಪಿದೆ. ಚಕ್ರ ಕೆಳಗಿದ್ದದ್ದು ಅಲ್ಲಿ ಯಾರಿಗೂ ಕಾಣಲಿಲ್ಲ, ಕಂಡರೂ ಅವರಿಗೇನು ಗೊತ್ತು.

ನಾನು ದಡದಲ್ಲಿದ್ದೆ. ಹೊಳೆಯ ನೀರು ಕನ್ನಡಿಯ ಹಾಗಿತ್ತು, ಗಾಳಿ ಇದ್ದದ್ದೇ ಇಲ್ಲ. ಇದು ದಿನಚರಿಯಲ್ಲೂ ಇದೆ. ವಿಮಾನ ಗಂಗೊಳ್ಳಿಯ ಕಡೆಯಿಂದ ಬಂತು. ಸುತ್ತು ಹೊಡೆಯದೆ ನೇರ ಬಂತು. ನೀರು ಖಾಲಿ ಇದೆ, ಚಕ್ರ ಎಲ್ಲಿದೆ ಎಂದು ಕೇಳಿದೆ. ಬಂದೆ, ಬಂದೆ ಎಂಬ ಉತ್ತರ ಬಂತು. ಹಿಂದಿನಿಂದ ಪ್ರಯಾಣಿಕರ ನಗು ಕೇಳುತ್ತಿತ್ತು. ನಾನು ಎರಡನೆಯ ಸಲ ಹೇಳಿದೆ.

“ಚಕ್ರ ಹೇಳಿ. ಇಲ್ದಿದ್ರೆ ಸುತ್ತ್ ಹೊಡೀರಿ.”

“ಚಾ ಇಡುಕೆ ಹೇಳ್, ಬಂದೆ.”

ಅಷ್ಟರಲ್ಲಿ ನನಗೆ ಕಂಡಿತು. ಎರಡೂ ತೇಲುವ ಕಾಲುಗಳ ಕೆಳಗೆ ಕಪ್ಪಗೆ ಚಕ್ರಗಳು ನೇತಾಡುತ್ತಿದ್ದವು. ಸುತ್ತು ಹೊಡೆಯಿರಿ ಎಂದು ಮತ್ತೆ ಹೇಳಿದೆ, ತುರ್ತಿಗೆಂದು ಇಟ್ಟಿದ್ದ ಕೆಂಪು ಬಾವುಟ ಎತ್ತಿ ನೀರಿನ ಅಂಚಿನವರೆಗೆ ಓಡಿದೆ. ಉತ್ತರ ಬರಲಿಲ್ಲ. ಚಕ್ರ ನೀರಿಗೆ ತಾಗಿತು, ಬಾಲ ಆಕಾಶಕ್ಕೆ ಎದ್ದಿತು, ವಿಮಾನ ಬೆನ್ನಡಿಯಾಗಿ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಬಾವಿಗೆ ಕೊಡಪಾನ ಬಿದ್ದಷ್ಟು.

ದೋಣಿಯ ಅಣ್ಣ ಇಂಜಿನ್ ಚಾಲೂ ಮಾಡಿ ಮೊದಲೇ ಹೊರಟಿದ್ದರು. ಬಲೆ ಕೊಯ್ಯುವ ಕತ್ತಿಯಲ್ಲಿ ಬೆಲ್ಟ್ ಕೊಯ್ದು ಇಬ್ಬರನ್ನೂ ಹೊರಗೆ ಎಳೆದರು. ಪೈಲಟ್‌ಗೆ ಮುಂಗೈ ಮುರಿದಿತ್ತು, ಹುಬ್ಬು ಒಡೆದಿತ್ತು. ಪ್ರಯಾಣಿಕರು ನೀರು ಕುಡಿದಿದ್ದರು. ದೋಣಿಯಲ್ಲಿ ವಾಂತಿ ಮಾಡಿ, ಉಸಿರು ಸರಿಯಾದ ಕೂಡಲೇ ತಮ್ಮ ಮೊಬೈಲ್ ಎಲ್ಲಿ ಎಂದು ಕೇಳಿದರು. ಅದು ಈಗಲೂ ಹೊಳೆಯಲ್ಲೇ ಇದೆ.

ಎರಡು ದಿನ ಬಿಟ್ಟು ಮಾಲಕರು ಶೆಡ್ಡಿಗೆ ಕರೆದರು. ಅವರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಬೆಂಚಿನ ಮೇಲೆ ಮಲಗಿದ್ದರು, ಕಣ್ಣು ಕೆಂಪಾಗಿತ್ತು. ತನಿಖೆಗೆ ಅಧಿಕಾರಿ ಬರುತ್ತಾರೆ, ಎಲ್ಲರೂ ಹೇಳಿಕೆ ಕೊಡಬೇಕು ಎಂದರು. ನನ್ನ ಹೇಳಿಕೆ ಟೈಪಾಗಿ ಮೇಜಿನ ಮೇಲಿತ್ತು. ನಾನು ಗಾಲಿ ಎಲ್ಲಿದೆ ಎಂದು ಕೇಳಿದೆ, ಪೈಲಟ್ ಗಾಳಿಯ ದಿಕ್ಕು ಹೇಳಿದರು, ಅದನ್ನು ನಾನು ಸರಿಯಾದ ಉತ್ತರವೆಂದು ತಿಳಿದೆ ಎಂದು ಅದರಲ್ಲಿತ್ತು. ಓದಿ ಮುಗಿಸುವಾಗ ನನಗೆ ಅಣ್ಣ ಒದ್ದೆ ಬೆರಳು ಎತ್ತಿದ್ದು ನೆನಪಾಯಿತು. ನಾವು ಅವತ್ತು ನಕ್ಕ ನಗೆಯನ್ನೇ ತಂದು ಇಲ್ಲಿ ಅಂಟಿಸಿದ್ದರು.

ಹೀಗಾದರೆ ಪೈಲಟ್‌ನ ಲೈಸೆನ್ಸ್ ಉಳಿಯುತ್ತದೆ, ವಿಮೆ ಸಿಗುತ್ತದೆ, ಮುಂದಿನ ಸೀಸನ್ನಿಗೆ ಎಲ್ಲರಿಗೂ ಕೆಲಸ ಇರುತ್ತದೆ, ನಿನಗೆ ಯಾರೂ ಏನೂ ಮಾಡುವುದಿಲ್ಲ, ನಾಲಿಗೆ ಹೊರಳದಿದ್ದಕ್ಕೆ ಯಾರಿಗಾದರೂ ಶಿಕ್ಷೆ ಇದೆಯೇ ಎಂದು ವಿವರಿಸಿದರು. ಕೊನೆಗೆ ಸಮಾಧಾನವಾಗಿ ಹೇಳಿದರು: “ತಪ್ಪ್ ಅವ್ನದ್ದೂ ಅಲ್ಲ, ನಿಂದೂ ಅಲ್ಲ. ಕನ್ನಡದ್ದ್. ಅಲ್ಲಿಗೆ ಮುಗೀತ್.”

“ಕನ್ನಡ್ದಲ್ಲಿ ಅದ್ ಎರಡ್ ಬೇರೆ ಬೇರೆ ಅಕ್ಷರ,” ಎಂದೆ. “ನಾ ಎರಡ್ನೂ ಹೇಳ್ಲಿಲ್ಲ. ನಾ ಹೇಳದ್ದ್ ಚಕ್ರ.”

ಅವರು ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ. ಹಲಗೆ ಅಲ್ಲಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಗೋಡೆ ಬೆಳ್ಳಗಿತ್ತು. ಸಹಿ ಹಾಕದೆ ಎದ್ದು ಬಂದೆ.

ಅಷ್ಟರಲ್ಲಿ ಕತೆ ನನಗಿಂತ ಮೊದಲೇ ಊರು ಮುಟ್ಟಿತ್ತು. ಅದನ್ನು ಹೆಚ್ಚು ದೂರ ಹೊತ್ತವರು ನಾವುಂದದ ಪ್ರಯಾಣಿಕರು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ಮಾಲಕರು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಕೇಳಿ, ನಾಲ್ಕು ಜನಕ್ಕೆ ಹೇಳಿ, ಐದನೆಯವರಿಗೆ ಹೇಳುವಾಗ ಅವರಿಗೇ ಅದು ಕಿವಿಯಾರೆ ಕೇಳಿದ್ದಾಗಿತ್ತು. ಬಸ್ಸಿನ ಕಂಡಕ್ಟರ್ ನನಗೆ ಟಿಕೆಟ್ ಕೊಡುತ್ತಾ, ಗಾಲಿಯೋ ಗಾಳಿಯೋ ಎಂದು ಕೇಳಿದ. ಉಪ್ಪುಂದದಲ್ಲಿ ಸಣ್ಣ ಮಕ್ಕಳು ಸೈಕಲ್ ಟಯರಿಗೆ ಗಾಲಿ ಹೊಡೆಸಬೇಕು ಎಂದು ನನ್ನ ಹಿಂದಿನಿಂದ ಕೂಗಿದರು.

ಅಮ್ಮನಿಗೆ ಮೊದಲು ಇದು ದೊಡ್ಡ ವಿಷಯ ಅನಿಸಲಿಲ್ಲ. ಅವಳು ಮನೆಮನೆಗೆ ಹೋಗಿ ಮೀನು ಮಾರುವವಳು, ಅವಳ ಲೆಕ್ಕದಲ್ಲಿ ಕೆಲಸ ಉಳಿಯುವುದು ಮುಖ್ಯ. ಒಂದು ಅಕ್ಷರ ತಾನೇ, ಸಹಿ ಹಾಕಿ ಬಿಡು ಎಂದಳು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದವಳು ತಾನಾಗಿಯೇ ಒಂದು ಹಳೆಯ ಸಂಗತಿ ಎತ್ತಿದಳು. ನಾನು ಹುಟ್ಟುವ ಮೊದಲು, ಒಂದು ಮನೆಯ ಯಜಮಾನರು ಅಂಗಳದಲ್ಲಿ ನೆಂಟರ ಎದುರು, ಇವಳ ತಕ್ಕಡಿಯ ಅಡಿಯಲ್ಲಿ ಒಂದು ಸಿಗಡಿ ಅಂಟಿಸಿಕೊಂಡಿದ್ದಾಳೆ ಎಂದು ತಮಾಷೆ ಮಾಡಿದ್ದರಂತೆ. ಎಲ್ಲರೂ ನಕ್ಕರಂತೆ, ಇವಳೂ ನಕ್ಕಳಂತೆ.

“ತಮಾಷಿಗ್ ಹೇಳದ್ದ್ ಅಂಬ್ರ್,” ಎಂದಳು ಬುಟ್ಟಿ ಕವಚಿ ಹಾಕುತ್ತಾ. “ಇವತ್ತಿಗೂ ಆ ಕೇರಿಯರ್ ಮೀನ್ ಕಾಂತಿಲ್ಲ, ತಕ್ಕಡಿ ನೋಡ್ತ್ರ್. ನೀ ಸಹಿ ಹಾಕ್ಬೇಡ ಮಗಾ.”

ಅಧಿಕಾರಿ ಬಂದದ್ದು ಮಾರ್ಚ್‌ನಲ್ಲಿ. ಹುಬ್ಬಳ್ಳಿ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ಕುಂದಾಪುರದಲ್ಲಿ ಒಂದು ಸರಕಾರಿ ಬಂಗಲೆಯ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿದ್ದರು: ಮಾಲಕರು, ಕೈಗೆ ಪಟ್ಟಿ ಕಟ್ಟಿಕೊಂಡ ಪೈಲಟ್, ನಾನು. ದೋಣಿಯ ಅಣ್ಣ ಬಾಗಿಲ ಹತ್ತಿರದ ಸ್ಟೂಲಿನಲ್ಲಿ. ಅವರನ್ನು ನನ್ನ ಪರವಾಗಿ ಮಾತಾಡಿ ಎಂದು ನಾನು ಕೇಳಿರಲಿಲ್ಲ. ಅವರು ಓಡಿಸುವ ದೋಣಿಯೂ ಮಾಲಕರದ್ದೇ, ಮಳೆಗಾಲದಲ್ಲಿ ಕೈಗೆ ನಾಲ್ಕು ಕಾಸು ಕೊಡುವವರೂ ಮಾಲಕರೇ. ಹಾಗಿರುವವರನ್ನು ಹೇಗೆ ಕೇಳುವುದು? ಕೇಳಿ ಅವರು ಇಲ್ಲ ಎಂದಿದ್ದರೆ ನಾನು ಅವರ ಮುಖ ಹೇಗೆ ನೋಡುವುದು?

ನಾನು ನಡೆದದ್ದನ್ನು ಹೇಳಿದೆ. ಪೈಲಟ್ ಗಾಲಿ-ಗಾಳಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅಧಿಕಾರಿ ಗಡ್ಡ ಕೆರೆದುಕೊಂಡು, ತಮ್ಮ ಊರಿನಲ್ಲಿ ಬಂಡಿಯದ್ದೂ ಗಾಲಿಯೇ, ಟ್ರ್ಯಾಕ್ಟರಿನದ್ದೂ ಗಾಲಿಯೇ, ಯಾರಾದರೂ ಗಾಲಿ ಎಂದೇ ಅನ್ನುತ್ತಾರಲ್ಲ ಎಂದರು. ಆಮೇಲೆ ಒಂದು ವಾಕಿಟಾಕಿ ನನ್ನ ಕೈಗೆ ಕೊಟ್ಟು ಅಂಗಳದ ತುದಿಗೆ ಕಳಿಸಿದರು. ಎರಡೂ ಪದಗಳನ್ನು ಬದಲಿಸಿ ಬದಲಿಸಿ ಹೇಳು, ಯಾವುದು ಯಾವುದೆಂದು ಇಲ್ಲಿ ಕೂತು ಬರೆಯುತ್ತೇನೆ ಎಂದರು. ಹೇಳಿದೆ. ನನಗೆ ಬರುವಷ್ಟು ಸ್ಪಷ್ಟವಾಗಿ, ನಾಲಿಗೆ ಮಡಚಿ, ಬಿಡಿಸಿ ಹೇಳಿದೆ. ವಾಪಸು ಬಂದಾಗ ಅವರು ಬರೆದದ್ದರಲ್ಲಿ ಅರ್ಧಕ್ಕರ್ಧ ತಪ್ಪಿತ್ತು.

“ಎರಡೂ ಒಂದ ಕೇಳಸ್ತಾವಲ್ರೀ,” ಎಂದರು.

ಮಾಲಕರು ಕುರ್ಚಿಗೆ ಬೆನ್ನು ಒರಗಿಸಿ ಕೂತರು. ಆಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಸಿಟ್ಟಿನಲ್ಲಿ ನನ್ನ ಮಾತು ನಿಧಾನವಾಗುತ್ತದೆ.

“ಹೌದು ಸರ್, ಒಂದೇ ಕೇಳಿಸುತ್ತದೆ,” ಎಂದೆ. “ಅದಕ್ಕೇ ಮೊದಲ ದಿನವೇ ಆ ಪದ ತೆಗೆದು ಹಾಕಿದ್ದು. ತೆಗೆದು ಹಾಕಿದ ಪದವನ್ನು ನಾನು ಯಾಕೆ ಹೇಳಲಿ?”

ಅದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಹಲಗೆ ಎಲ್ಲಿ ಎಂದು ಕೇಳಿದರು. ಹಲಗೆ ಒಡೆದು ಹೋಗಿದೆ ಎಂದು ಮಾಲಕರು ಹೇಳಿದರು. ಅದನ್ನು ಬರೆದ ಹಿರಿಯರಿಗೆ ಅಲ್ಲಿಂದಲೇ ಎರಡು ಸಲ ಫೋನ್ ಮಾಡಿದರೂ ಅವರು ಸಿಗಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಲು ಕೈ ಎತ್ತಿದ್ದರು. ಸ್ಟೂಲು ಕಿರ್ರೆಂದಿತು.

“ಆ ಗಾಳಿ ನಂದ್ ಸಾರ್.”

ದೋಣಿಯ ಅಣ್ಣ ಎದ್ದು ನಿಂತಿದ್ದರು. ಅಧಿಕಾರಿಗೆ ಅರ್ಥವಾಗಲಿಲ್ಲ. ಏನಂದಿರಿ ಎಂದು ಕೇಳಿದರು. ಅಣ್ಣ ಎಡಗೈಯಿಂದ ಬಲಗೈಯ ಬೆರಳು ಹಿಡಿದುಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ, ಎಲ್ಲಿಯೂ ನಿಲ್ಲದೆ ಹೇಳಿದರು.

“ಪಡುವಿಂದ ಬತ್ತಾ ಇತ್ತ್ ಅಂದದ್ ನಾ. ಅವತ್ತ್ ವಿಮಾನವೇ ಬರ್ಲಿಲ್ಲ, ನಾ ದೋಣಿಯಗೆ ಕೂಕಂಡಿದ್ದೆ. ಎಲ್ಲರೂ ನಗ್ಯಾಡಿ ಆ ಶಬ್ದ ಒರ್ಸಿ ಹಾಕದ್ರ್. ಈ ಹೆಣ್ ಅವತ್ತಿಂದ ಚಕ್ರ ಬಿಟ್ ಬೇರೆ ಹೇಳ್ಲಿಲ್ಲ, ನಾವೆಲ್ಲ ಇವ್ಳನ್ನ ಚಕ್ರ ಅಂದೇ ಕರುದ್. ಬಿದ್ದ ದಿನ ನನ್ನ ಕೈಯಗೂ ವಾಕಿಟಾಕಿ ಇದ್ದಿತ್ತ್. ಗಾಳಿ ಸುದ್ದಿ ಯಾರೂ ಎತ್ಲಿಲ್ಲ ಸಾರ್. ಚಾದ್ ಸುದ್ದಿ ಮಾತ್ರ.”

ಚಾದ ಸುದ್ದಿ ಎಂದರೆ ಏನು ಎಂದು ಅಧಿಕಾರಿ ಪೈಲಟ್‌ನನ್ನು ಕೇಳಿದರು. ಪೈಲಟ್ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, ಚಾ ಇಡಲು ಹೇಳಿದ್ದೆ ಎಂದರು. ಚಕ್ರ ಎಂದು ಕೇಳಿಸಿತ್ತೇ ಎಂಬ ಪ್ರಶ್ನೆಗೆ ಕೇಳಿಸಿತ್ತು ಎಂದರು. ಕನ್ನಡಿ ನೋಡಿದಿರಾ ಎಂದದ್ದಕ್ಕೆ ಇಲ್ಲ ಎಂದರು. ಮೂರು ಉತ್ತರಗಳೂ ಸ್ಪಷ್ಟವಾಗಿದ್ದವು. ಇಡೀ ಸೀಸನ್ನಿನಲ್ಲಿ ನನಗೆ ಅಷ್ಟು ಸ್ಪಷ್ಟವಾದ ಉತ್ತರಗಳನ್ನು ಅವರು ಕೊಟ್ಟಿರಲಿಲ್ಲ.

ವರದಿ ಮಳೆಗಾಲದಲ್ಲಿ ಬಂತು. ಪೈಲಟ್ ವಿಧಾನ ಪಾಲಿಸಲಿಲ್ಲ, ದಡದಿಂದ ಬಂದ ಸೂಚನೆಯನ್ನು ಲೆಕ್ಕಿಸಲಿಲ್ಲ ಎಂದಿತ್ತು. ನನ್ನ ಬಗ್ಗೆ ಒಂದೂವರೆ ಸಾಲು. ಮಾಲಕರು ಆ ಉದ್ಯೋಗವನ್ನೇ ಮುಚ್ಚಿದರು. ಬ್ರಹ್ಮಾವರದ ಬಯಲಿನಲ್ಲಿ ಈಗ ಹುಡುಗರು ಕ್ರಿಕೆಟ್ ಆಡುತ್ತಾರೆ. ಅಣ್ಣ ಕೋಡಿಯಲ್ಲಿ ಇನ್ನೊಬ್ಬರ ದೋಣಿಗೆ ಹೋಗುತ್ತಾರೆ. ನಾನು ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ನೋಡುತ್ತೇನೆ.

ಎಲ್ಲರೂ ನನ್ನ ಬೆನ್ನು ತಟ್ಟಿದರು ಎಂದು ಯಾರಾದರೂ ಎಂದುಕೊಂಡಿದ್ದರೆ ಹಾಗೇನೂ ಆಗಲಿಲ್ಲ. ಚಾದ ಅಂಗಡಿಯವರು ಈಗ ನನ್ನನ್ನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಪ್ರವಾಸಿಗರನ್ನು ತರುತ್ತಿದ್ದ ರಿಕ್ಷಾದವರು, ಒಂದು ಹೆಣ್ಣಿನ ಹಟಕ್ಕೆ ಎಷ್ಟು ಜನರ ಅನ್ನ ಹೋಯಿತು ಎಂದು ನನಗೆ ಕೇಳಿಸುವ ಹಾಗೆ ಆಡಿಕೊಂಡರು. ನಾನು ನಿಂತು, ಅನ್ನ ಹೋದದ್ದು ಕನ್ನಡಿ ನೋಡದ್ದಕ್ಕೆ ಎಂದು ಹೇಳಿಯೇ ಮುಂದೆ ಹೋದೆ. ಇಬ್ಬರು ಬದುಕಿ ಬಂದದ್ದು ಒಂದು ಕತ್ತಿಯಿಂದ, ಅದೃಷ್ಟದಿಂದ. ಮುಂದಿನ ಸಲ ಅದೇ ಪೈಲಟ್, ಅದೇ ‘ಹ್ಞಾಂ’, ಹಿಂದಿನ ಸೀಟಿನಲ್ಲಿ ಆ ರಿಕ್ಷಾದವರ ಮಗಳೇ ಕೂತಿದ್ದರೆ? ಕನ್ನಡದ್ದು ತಪ್ಪು ಎಂದು ಬರೆದುಬಿಟ್ಟರೆ ಆಮೇಲೆ ಯಾರನ್ನು ತಿದ್ದುವುದು? ವರ್ಣಮಾಲೆಯನ್ನೇ?

ಪೈಲಟ್ ಒಮ್ಮೆ ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕೈ ಸರಿಯಾಗಿತ್ತು, ಹುಬ್ಬಿನಲ್ಲಿ ಗೆರೆ ಉಳಿದಿತ್ತು. ಹ್ವಾಯ್ ಚಕ್ರಾ ಎಂದು ಅವರೇ ಕರೆದರು. ಸಹಿ ಹಾಕಿದ್ದರೆ ತಾನು ಇವತ್ತು ಹಾರುತ್ತಿದ್ದೆ ಎಂದರು. ಹೌದು, ಹಾರುತ್ತಿದ್ದಿರಿ, ನೋಡದೇ ಇಳಿಯುತ್ತಿದ್ದಿರಿ ಎಂದೆ. ಅವರು ಚಾ ಕುಡಿಯೋಣವೇ ಎಂದು ಕೇಳಿ, ತಾವು ಕೇಳಿದ್ದು ಏನೆಂದು ಹೊಳೆದು, ನಾಲಿಗೆ ಕಚ್ಚಿಕೊಂಡರು. ಇಬ್ಬರೂ ನಕ್ಕೆವು. ಚಾ ಕುಡಿಯಲಿಲ್ಲ. ನನ್ನ ಬಸ್ಸು ಬಂದಿತ್ತು.

ಕಳೆದ ತಿಂಗಳು ನಾವುಂದದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿನ ಸಾಲಿನಲ್ಲೇ ಮುಂಬಯಿಯ ಕ್ಯಾಂಟೀನಿನವರು ಕೂತಿದ್ದರು. ಸಾರು ಬಂದು ಹೋಗುವಷ್ಟರಲ್ಲಿ ಅವರ ಕತೆ ಗಂಗೊಳ್ಳಿ ದಾಟಿ ಹೊಳೆಯ ಮೇಲೆ ಬಂದಿತ್ತು. ಹುಡುಗಿ ಗಾಲಿ ಎಂದಳು, ಪೈಲಟ್ ಗಾಳಿ ಎಂದ. ಅವರು ಬೆರಳನ್ನು ಬಾಯಿಗೆ ಹಾಕಿ ಒದ್ದೆ ಮಾಡಿ ಮೇಲೆ ಎತ್ತಿದರು. ವಿಮಾನದೊಳಗೆ ಕೂತ ಪೈಲಟ್ ಬೆರಳು ಎತ್ತಿ ಗಾಳಿ ನೋಡಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಆಚೀಚೆಯವರು ನಗಲು ಬಾಯಿ ತೆರೆದಿದ್ದರು.

“ನಾ ಚಕ್ರ ಅಂದದ್,” ಎಂದೆ.

ಎಲೆಗಳ ಮೇಲೆ ಬಾಗಿದ್ದ ತಲೆಗಳು ಎದ್ದವು. ಅವರು ನನ್ನನ್ನು ಆಗಷ್ಟೇ ಗುರುತು ಹಿಡಿದರು. ಬೇಜಾರೇನೂ ಮಾಡಿಕೊಳ್ಳಲಿಲ್ಲ, ಒಳ್ಳೆಯ ಮನುಷ್ಯ. ಕೈ ಎಲೆಯಲ್ಲೇ ಇಟ್ಟು, ಗಿರಾಕಿಗೆ ತಿಂಡಿ ಮುಗಿಯಿತು ಎಂದು ಹೇಳುವಾಗಿನ ಸಂಕಟದಲ್ಲಿ ಹೇಳಿದರು:

“ಚಕ್ರ ಅಂದ್ರೆ ನಗ್ಯೇ ಬತ್ತಿಲ್ಲ ಮಾರಾಯ್ತಿ.”

“ನಗೆ ಬಪ್ಪುದ್ ಬ್ಯಾಡ,” ಎಂದೆ.

ಪಾಯಸದವರು ಬಂದರು. ಹಾಕಿಸಿಕೊಂಡೆ.